ಸೈಟಿನ ಜೊತೆಗೆ ಬಿಸಿಲನ್ನೂ ಕೊಳ್ಳಬೇಕು: ಜಪಾನಿನಲ್ಲಿ ಇಂಧನ ಉಳಿಸುವ ಮನೆಗೆ ಜಾಗ ಹುಡುಕುವ ಬಗೆ

ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಸೈಟು ನೋಡಲು ಹೊರಟವರು ಮೊದಲು ಕೇಳುವ ಮಾತು ‘ಯಾವ ದಿಕ್ಕು?’ ಎಂದು. ಪೂರ್ವ ಎಂದರೆ ಮುಖ ಅರಳುತ್ತದೆ, ಉತ್ತರ ಎಂದರೂ ಒಪ್ಪಿಗೆ, ದಕ್ಷಿಣ ಎಂದರೆ ಬೆಲೆ ಇಳಿಸಿ ಕೇಳುವವರೇ ಹೆಚ್ಚು. ಜಪಾನಿನಲ್ಲೂ ಮೊದಲ ಪ್ರಶ್ನೆ ಅದೇ, ಉತ್ತರ ಮಾತ್ರ ತಿರುವುಮುರುವು. ದಕ್ಷಿಣಕ್ಕೆ ರಸ್ತೆ ಇರುವ ಸೈಟಿಗೆ ಅಲ್ಲಿ ಬೆಲೆ ಜಾಸ್ತಿ, ಉತ್ತರಕ್ಕೆ ರಸ್ತೆ ಇದ್ದರೆ ಕಡಿಮೆ. ನಾವು ದೇವಮೂಲೆ ಎಂದು ಕೈಮುಗಿಯುವ ಈಶಾನ್ಯ ಅವರಿಗೆ ‘ಕಿಮೊನ್’, ಅಂದರೆ ದೆವ್ವ ಬರುವ ಬಾಗಿಲು. ಹಳೆಯ ನಂಬಿಕೆಯವರು ಆ ಮೂಲೆಯಲ್ಲಿ ಮನೆಬಾಗಿಲನ್ನೂ ಶೌಚಾಲಯವನ್ನೂ ಇಡುವುದಿಲ್ಲ.

ದಕ್ಷಿಣದ ಮೇಲಿನ ಈ ಪ್ರೀತಿಗೆ ನಂಬಿಕೆಗಿಂತ ದೊಡ್ಡ ಕಾರಣ ಚಳಿ. ಈಗ ಆ ಕಾರಣಕ್ಕೆ ಕಾನೂನಿನ ಬಲವೂ ಸೇರಿದೆ. 2025ರ ಏಪ್ರಿಲ್ 1ರಿಂದ ಜಪಾನಿನಲ್ಲಿ ಕಟ್ಟುವ ಪ್ರತಿಯೊಂದು ಹೊಸ ಮನೆಯೂ ಇಂಧನ ಉಳಿತಾಯದ ಮಾನದಂಡವನ್ನು ಮುಟ್ಟಲೇಬೇಕು. ಕೆಲಸಕ್ಕೆಂದು ಹೋಗಿ, ವರ್ಷಗಟ್ಟಲೆ ಬಾಡಿಗೆ ಮನೆಯಲ್ಲಿದ್ದು, ಇನ್ನು ಸ್ವಂತದ್ದೊಂದು ಕಟ್ಟಿಸೋಣ ಎಂದುಕೊಂಡ ಕನ್ನಡಿಗರಿಗೆ ಇದು ನೇರವಾಗಿ ತಟ್ಟುವ ವಿಷಯ. ಹೆಚ್ಚಿನವರು ಗೋಡೆ, ಕಿಟಕಿ, ಸೋಲಾರ್ ಬಗ್ಗೆ ಓದಿಕೊಂಡು ಸಿದ್ಧರಾಗುತ್ತಾರೆ. ಅವೆಲ್ಲ ಆಮೇಲೂ ದುಡ್ಡು ಕೊಟ್ಟರೆ ಸಿಗುವಂಥವು. ಎದುರು ಮನೆಯ ನೆರಳು, ನೆಲದಡಿಯ ಮೆತ್ತನೆಯ ಮಣ್ಣು, ರಸ್ತೆಯ ಅಗಲ ಇವು ಸೈಟಿನ ಜೊತೆಗೇ ಬರುತ್ತವೆ. ಕ್ರಯಪತ್ರಕ್ಕೆ ಮುದ್ರೆ ಬಿದ್ದ ಮೇಲೆ ಇವುಗಳನ್ನು ಬದಲಾಯಿಸಲಾಗದು.

ಹೊಸ ನಿಯಮ ಏನು ಹೇಳುತ್ತದೆ

ಮೊದಲು ಒಂದು ಪದ ಗೊತ್ತಿರಬೇಕು: ಯುಎ ಮೌಲ್ಯ. ಗೋಡೆ, ಚಾವಣಿ, ನೆಲ, ಕಿಟಕಿ, ಬಾಗಿಲು ಎಲ್ಲವನ್ನೂ ಸೇರಿಸಿ ಸರಾಸರಿಯಾಗಿ ಎಷ್ಟು ಶಾಖ ಹೊರಗೆ ಸೋರುತ್ತದೆ ಎಂಬುದರ ಅಳತೆ ಇದು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್‌ನಿಂದ ಎಷ್ಟು ವಾಟ್ ಹೋಗುತ್ತದೆ ಎಂಬುದೇ ಆ ಸಂಖ್ಯೆ. ಕಾಫಿ ಸ್ಟೀಲ್ ಲೋಟದಲ್ಲಿ ಬೇಗ ಆರುತ್ತದೆ, ಫ್ಲಾಸ್ಕಿನಲ್ಲಿ ಸಂಜೆಯವರೆಗೂ ಬಿಸಿಯಾಗಿರುತ್ತದೆ. ಯುಎ ಕಡಿಮೆಯಾದಷ್ಟೂ ಮನೆ ಫ್ಲಾಸ್ಕಿಗೆ ಹತ್ತಿರ.

ಹವೆಗೆ ತಕ್ಕಂತೆ ಜಪಾನನ್ನು 8 ವಲಯಗಳಾಗಿ ಮಾಡಿದ್ದಾರೆ. ಹೊಕ್ಕೈದೊದ ಕಡುಚಳಿಯ ಊರುಗಳು 1 ಮತ್ತು 2ನೇ ವಲಯ, ಒಕಿನಾವಾ 8ನೇ ವಲಯ, ಟೋಕಿಯೊದ ನಗರಭಾಗ, ನಗೋಯಾ, ಒಸಾಕಾ 6ನೇ ವಲಯ. 6ನೇ ವಲಯಕ್ಕೆ ಕಾನೂನಿನ ಕನಿಷ್ಠ ಮಾನದಂಡ ಯುಎ 0.87. ಇದನ್ನು ನಾಲ್ಕನೇ ದರ್ಜೆ ಎನ್ನುತ್ತಾರೆ. ಐದನೇ ದರ್ಜೆಗೆ 0.60, ಆರನೆಯದಕ್ಕೆ 0.46, ಏಳನೆಯದಕ್ಕೆ 0.26. ಕೊನೆಯ ಎರಡು ದರ್ಜೆಗಳು 2022ರ ಅಕ್ಟೋಬರಿನಿಂದ ಜಾರಿಗೆ ಬಂದವು.

ಈ ಅಂಕಿಗಳನ್ನು ವಿದ್ಯುತ್ತಿನ ಲೆಕ್ಕಕ್ಕೆ ಇಳಿಸಿ ನೋಡೋಣ. ಗೋಡೆ, ಚಾವಣಿ, ನೆಲ ಸೇರಿ 300 ಚದರ ಮೀಟರ್ ಹೊರಮೈ ಇರುವ ಒಂದು ಸಾಧಾರಣ ಮನೆ. ಹೊರಗೆ ಸೊನ್ನೆ ಡಿಗ್ರಿ, ಒಳಗೆ 20 ಡಿಗ್ರಿ. ನಾಲ್ಕನೇ ದರ್ಜೆಯ ಮನೆಯಿಂದ ಸುಮಾರು 5,200 ವಾಟ್ ಸೋರುತ್ತದೆ, ಅಂದರೆ ಸಾವಿರ ವಾಟಿನ ಐದು ಹೀಟರ್‌ಗಳು ಒಟ್ಟಿಗೆ ಉರಿಯಬೇಕು. ಆರನೇ ದರ್ಜೆಗೆ ಮೂರಕ್ಕಿಂತ ಕಡಿಮೆ ಹೀಟರ್ ಸಾಕು, ಏಳನೆಯದಕ್ಕೆ ಒಂದೂವರೆ. ಗಾಳಿಯ ಮೂಲಕ ಹೋಗುವ ಶಾಖ ಇದರಲ್ಲಿ ಸೇರಿಲ್ಲ.

ಮೊದಲೆಲ್ಲ ಸಣ್ಣ ಮನೆಗಳಿಗೆ ಇದು ಕಡ್ಡಾಯವಿರಲಿಲ್ಲ. 2021ರ ಏಪ್ರಿಲಿನಿಂದ ವಾಸ್ತುಶಿಲ್ಪಿ ‘ನಿಮ್ಮ ಮನೆ ಮಾನದಂಡ ಮುಟ್ಟುತ್ತದೆ’ ಅಥವಾ ‘ಮುಟ್ಟುವುದಿಲ್ಲ’ ಎಂದು ವಿವರಿಸಿದರೆ ಸಾಕಿತ್ತು. ಈಗ ಕಟ್ಟಡದ ಪರವಾನಗಿಗೇ ಈ ತಪಾಸಣೆಯನ್ನು ಜೋಡಿಸಿದ್ದಾರೆ. ಅದರಲ್ಲಿ ಪಾಸಾಗದೆ ಕೆಲಸ ಶುರುಮಾಡುವಂತಿಲ್ಲ. 2030ರ ಹೊತ್ತಿಗೆ ಕನಿಷ್ಠ ಮಟ್ಟವನ್ನೇ ‘ಝೆಹ್‌’ ಮಟ್ಟಕ್ಕೆ ಏರಿಸುವುದು ಸರ್ಕಾರದ ಗುರಿ. ವರ್ಷಕ್ಕೆ ಬಳಸುವಷ್ಟು ಇಂಧನವನ್ನು ಸೋಲಾರ್ ಮೂಲಕ ತಾನೇ ತಯಾರಿಸಿಕೊಂಡು ಲೆಕ್ಕವನ್ನು ಸೊನ್ನೆಗೆ ತರುವ ಮನೆಗೆ ಝೆಹ್‌ ಎಂದು ಹೆಸರು. ಅದರ ಶಾಖತಡೆಯ ಮಟ್ಟ ಐದನೇ ದರ್ಜೆಯದು. ಇಂದು ಬರೀ 0.87ಕ್ಕೆ ಕಟ್ಟಿಸಿದ ಮನೆ ಕೆಲವೇ ವರ್ಷಗಳಲ್ಲಿ ಕನಿಷ್ಠಕ್ಕಿಂತ ಕೆಳಗೆ ಬೀಳುತ್ತದೆ ಎಂಬುದನ್ನು ಮಾರುವವರು ತಾವಾಗಿ ಹೇಳಲಿಕ್ಕಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಯುಎ ಲೆಕ್ಕ ಹಾಕುವಾಗ ಪಕ್ಕದ ಮನೆಯ ನೆರಳು ಲೆಕ್ಕಕ್ಕೆ ಬರುವುದೇ ಇಲ್ಲ. ಒಂದೇ ನಕ್ಷೆಯ ಎರಡು ಮನೆಗಳನ್ನು ಕಟ್ಟಿ, ಒಂದನ್ನು ಬಯಲಿನಲ್ಲಿಯೂ ಇನ್ನೊಂದನ್ನು ಮೂರಂತಸ್ತಿನ ಕಟ್ಟಡದ ಬೆನ್ನಿಗೂ ನಿಲ್ಲಿಸಿದರೆ ಇಬ್ಬರ ಪ್ರಮಾಣಪತ್ರದಲ್ಲೂ ಒಂದೇ ಸಂಖ್ಯೆ ಇರುತ್ತದೆ. ಜನವರಿಯ ಕರೆಂಟ್ ಬಿಲ್ ಮಾತ್ರ ಒಂದೇ ಆಗಿರುವುದಿಲ್ಲ.

ಡಿಸೆಂಬರಿನ ಸೂರ್ಯ ಎಷ್ಟು ಎತ್ತರಕ್ಕೆ ಏರುತ್ತಾನೆ

ಬೆಂಗಳೂರಿನಲ್ಲಿ ಡಿಸೆಂಬರ್ 21ರ ನಡುಹಗಲಿನ ಸೂರ್ಯ ದಕ್ಷಿಣದ ಕಡೆಗೆ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಬೇಸಿಗೆಯಲ್ಲಂತೂ ನೆತ್ತಿ ದಾಟಿ ಉತ್ತರಕ್ಕೇ ವಾಲುತ್ತಾನೆ. ಟೋಕಿಯೊದಲ್ಲಿ ಅದೇ ದಿನ ಅವನು ಏರುವುದು ಸುಮಾರು 31 ಡಿಗ್ರಿ ಮಾತ್ರ. ನಮ್ಮೂರಿನ ಸಂಜೆ ನಾಲ್ಕರ ಬಿಸಿಲಿನ ಹಾಗೆ ಓರೆಯಾಗಿ ಬೀಳುವ ಬಿಸಿಲು ಅದು, ನಡುಹಗಲಿನಲ್ಲಿ. ಜೂನ್ ತಿಂಗಳಲ್ಲಿ 78 ಡಿಗ್ರಿಗೆ ಏರಿ ತಲೆಯ ಮೇಲೆಯೇ ಸುಡುತ್ತಾನೆ.

ಈ ಎರಡು ಕೋನಗಳಿಂದಲೇ ಜಪಾನಿನ ಮನೆಯ ಆಕಾರ ಹುಟ್ಟಿದೆ ಎಂದರೆ ತಪ್ಪಾಗದು. ಕಿಟಕಿಯ ತಳದಿಂದ ಸೂರಿನವರೆಗೆ 2.4 ಮೀಟರ್ ಇದೆ ಎನ್ನಿ. ಸೂರನ್ನು 70 ಸೆಂಟಿಮೀಟರ್ ಹೊರಗೆ ಚಾಚಿದರೆ ಜೂನ್ ತಿಂಗಳ ನಡುಹಗಲಿನ ಬಿಸಿಲು ಗಾಜಿಗೆ ತಾಗುವುದೇ ಇಲ್ಲ. ಡಿಸೆಂಬರಿನಲ್ಲಿ ಅದೇ ಸೂರಿನ ನೆರಳು ಮೇಲಿನ 42 ಸೆಂಟಿಮೀಟರಿಗೆ ಮುಗಿದು, ಉಳಿದ ಗಾಜಿನ ಮೂಲಕ ಬಿಸಿಲು ಕೋಣೆಯೊಳಗೆ ಬಂದು ಮಲಗುತ್ತದೆ. ದಕ್ಷಿಣದ ಒಂದು ದೊಡ್ಡ ಜಾರು ಗಾಜಿನ ಬಾಗಿಲಿನಿಂದ ಬರುವ ಚಳಿಗಾಲದ ಬಿಸಿಲು ಒಂದು ಕೊತಾತ್ಸುವಿಗೆ ಸಮ ಎಂದು ಅಲ್ಲಿನ ಮನೆ ಕಟ್ಟುವವರು ಹೇಳುತ್ತಾರೆ. ಕೊತಾತ್ಸು ಎಂದರೆ ಕೆಳಗೆ ಹೀಟರ್ ಇಟ್ಟು ಮೇಲೆ ರಜಾಯಿ ಹೊದಿಸಿದ ಗಿಡ್ಡ ಮೇಜು, ಚಳಿಗಾಲದಲ್ಲಿ ಇಡೀ ಮನೆಮಂದಿ ಕಾಲು ಚಾಚಿ ಕೂರುವ ಜಾಗ.

ಪೂರ್ವ ಮತ್ತು ಪಶ್ಚಿಮದ ಕಿಟಕಿಗಳಿಗೆ ಈ ಉಪಾಯ ನಡೆಯುವುದಿಲ್ಲ. ಬೆಳಿಗ್ಗೆ, ಸಂಜೆ ಸೂರ್ಯ ಕೆಳಗಿರುವುದರಿಂದ ಸೂರಿನ ಅಡಿಯಿಂದಲೇ ಬಿಸಿಲು ನುಗ್ಗುತ್ತದೆ. ಅದಕ್ಕೇ ಪಶ್ಚಿಮಕ್ಕೆ ತೆರೆದ ಸೈಟುಗಳ ಮನೆಗಳು ಆಗಸ್ಟಿನಲ್ಲಿ ಬೇಯುತ್ತವೆ.

ಈಗ ನೆರಳಿನ ಲೆಕ್ಕ. ಸೂರಿನವರೆಗೆ 6 ಮೀಟರ್ ಎತ್ತರದ ಎರಡಂತಸ್ತಿನ ಮನೆ ಡಿಸೆಂಬರ್ 21ರ ನಡುಹಗಲಿನಲ್ಲಿ ಉತ್ತರಕ್ಕೆ 10 ಮೀಟರ್ ಉದ್ದದ ನೆರಳು ಚೆಲ್ಲುತ್ತದೆ. ನಿಮ್ಮ ನೆಲಮಹಡಿಯ ಕೋಣೆಗೆ ಬುಡದವರೆಗೂ ಬಿಸಿಲು ಬೇಕಾದರೆ ದಕ್ಷಿಣದ ಮನೆ 10 ಮೀಟರ್ ದೂರವಿರಬೇಕು. ಮೇಲ್ಮಹಡಿಯ ನೆಲ ಮೂರೂವರೆ ಮೀಟರ್ ಎತ್ತರದಲ್ಲಿದ್ದರೆ ಅದಕ್ಕೆ ಸುಮಾರು 4.2 ಮೀಟರ್ ಸಾಕು. (ಜಪಾನಿನ ನಕ್ಷೆಗಳಲ್ಲಿ 1ನೇ ಮಹಡಿ ಎಂದರೆ ನಮ್ಮ ನೆಲಮಹಡಿ. ಹೊಸಬರು ಇಲ್ಲಿ ಎಡವುತ್ತಾರೆ.)

ದಕ್ಷಿಣ ರಸ್ತೆಯ ಸೈಟಿಗೆ ಬೆಲೆ ಏಕೆ ಹೆಚ್ಚು ಎಂಬುದು ಈಗ ಅರ್ಥವಾಗುತ್ತದೆ. ರಸ್ತೆ 4 ಮೀಟರ್, ಮನೆಯ ಮುಂದೆ ಕಾರು ನಿಲ್ಲಿಸಲು 5 ಮೀಟರ್, ಎದುರು ಮನೆಯವರು ಬಿಟ್ಟ ಜಾಗ 1 ಮೀಟರ್: ಬೇಕಾದ 10 ಮೀಟರ್ ತಾನಾಗಿಯೇ ಬಂತು.

ಆದರೆ ಅಂಥ ಸೈಟು ಮಾತ್ರವೇ ಒಳ್ಳೆಯದು ಎಂದು ನಂಬಿ ಸಾಲ ಹೆಚ್ಚಿಸಿಕೊಳ್ಳುವ ಮುನ್ನ ಅಂಥದೊಂದು ಬೀದಿಯಲ್ಲಿ ಹಗಲು ಹೊತ್ತು ನಡೆದು ನೋಡಬೇಕು. ದಕ್ಷಿಣದ ದೊಡ್ಡ ಗಾಜಿನ ಬಾಗಿಲುಗಳಿಗೆ ಸಾಲಾಗಿ ಬಿಳಿ ಪರದೆ ಎಳೆದಿರುತ್ತದೆ. ಹಾದುಹೋಗುವವರಿಗೆಲ್ಲ ಊಟದ ಮೇಜು ಕಾಣುವಾಗ ಪರದೆ ತೆರೆದಿಡಲು ಯಾರಿಗೂ ಮನಸ್ಸಾಗುವುದಿಲ್ಲ. ದುಬಾರಿ ಕೊಟ್ಟು ತಂದ ಬಿಸಿಲನ್ನು ಬಟ್ಟೆಯಿಂದ ಮುಚ್ಚಿದಂತಾಯಿತು. ಉತ್ತರ ರಸ್ತೆಯ ಸೈಟಿನಲ್ಲಿ ಬಾಗಿಲು, ಕಾರು, ಸ್ನಾನದ ಮನೆ ಎಲ್ಲ ರಸ್ತೆಯ ಕಡೆಗೆ ಹೋಗಿ ದಕ್ಷಿಣದ ಅಂಗಳ ಪೂರ್ತಿ ಮನೆಯವರದಾಗುತ್ತದೆ. ನೆಲಮಹಡಿಗೆ ಬಿಸಿಲು ಕಡಿಮೆಯಾದರೂ ಕೂರುವ ಕೋಣೆಯನ್ನೂ ಅಡುಗೆಮನೆಯನ್ನೂ ಮೇಲ್ಮಹಡಿಗೆ ಒಯ್ದರೆ ಆ 4.2 ಮೀಟರಿನ ಲೆಕ್ಕ ಕೈಹಿಡಿಯುತ್ತದೆ. ಶಾಖತಡೆ ಚೆನ್ನಾಗಿರುವ ಮನೆಗೆ ಇದು ಒಳ್ಳೆಯ ವ್ಯಾಪಾರ, ಏಕೆಂದರೆ ಸೈಟಿನಲ್ಲಿ ಉಳಿದ ಹಣ ಕಿಟಕಿಗೆ ಸಿಗುತ್ತದೆ. ಹಳೆಯ ಮಾನದಂಡದ ಮನೆಗಳಲ್ಲಿ ಚಳಿಗಾಲದಲ್ಲಿ ಸೋರುವ ಶಾಖದ ಅರ್ಧಕ್ಕಿಂತ ಹೆಚ್ಚು ಪಾಲು ಹೋಗುವುದು ಕಿಟಕಿ, ಬಾಗಿಲುಗಳ ಮೂಲಕವೇ.

ದಿಕ್ಕು ನೋಡುವಾಗ ಮೊಬೈಲಿನ ದಿಕ್ಸೂಚಿಯನ್ನೇ ನಂಬಬಾರದು. ಟೋಕಿಯೊದಲ್ಲಿ ಕಾಂತದ ಉತ್ತರ ನಿಜವಾದ ಉತ್ತರದಿಂದ 7-8 ಡಿಗ್ರಿ ಪಶ್ಚಿಮಕ್ಕೆ ವಾಲಿರುತ್ತದೆ. ಬೆಂಗಳೂರಿನಲ್ಲಿ ಈ ವ್ಯತ್ಯಾಸ ತೀರಾ ಸಣ್ಣದಾದ್ದರಿಂದ ನಮಗೆ ಇದರ ಅಭ್ಯಾಸವಿಲ್ಲ. ಸಾಧ್ಯವಾದರೆ ಡಿಸೆಂಬರ್ ಅಥವಾ ಜನವರಿಯಲ್ಲಿ ಸೈಟಿಗೆ ಹೋಗಿ, ಬೆಳಿಗ್ಗೆ 9ಕ್ಕೆ, 12ಕ್ಕೆ, ಮಧ್ಯಾಹ್ನ 3ಕ್ಕೆ ನೆರಳು ಎಲ್ಲಿ ಬೀಳುತ್ತದೆ ಎಂದು ಸುಣ್ಣದ ಗೆರೆ ಎಳೆದಷ್ಟು ಖಚಿತವಾಗಿ ಗುರುತು ಮಾಡಿಕೊಳ್ಳಬೇಕು. ದಕ್ಷಿಣದ ಜಾಗ ಈಗ ಖಾಲಿಯಿದ್ದರೆ ಅಲ್ಲಿ ನಾಳೆ ಎಷ್ಟು ಎತ್ತರದ ಕಟ್ಟಡ ಬರಬಹುದು ಎಂಬುದನ್ನೂ ಕೇಳಬೇಕು. ಆ ಉತ್ತರ ನಗರಸಭೆಯ ವಲಯ ನಕ್ಷೆಯಲ್ಲಿದೆ.

ಎಷ್ಟು ಕಟ್ಟಬಹುದು: ವಲಯ, ಶೇಕಡಾವಾರು, ಓರೆಗೆರೆ

ಜಪಾನಿನಲ್ಲಿ ಜಾಗವನ್ನು ಅಳೆಯುವುದು ತ್ಸುಬೊದಲ್ಲಿ. ಒಂದು ತ್ಸುಬೊ ಎಂದರೆ ಎರಡು ತತಾಮಿ ಚಾಪೆಯಷ್ಟು, ಸುಮಾರು 3.3 ಚದರ ಮೀಟರ್. ನಮ್ಮ 30×40ರ ಸೈಟು ಅವರ ಲೆಕ್ಕದಲ್ಲಿ 33.7 ತ್ಸುಬೊ.

ನಗರದ ಪ್ರತಿಯೊಂದು ಜಾಗವೂ 13 ಬಗೆಯ ಬಳಕೆಯ ವಲಯಗಳಲ್ಲಿ ಯಾವುದಾದರೂ ಒಂದಕ್ಕೆ ಸೇರಿರುತ್ತದೆ. ಪ್ರತಿ ವಲಯಕ್ಕೂ ಎರಡು ಸಂಖ್ಯೆಗಳಿವೆ. ‘ಕೆನ್‌ಪೇರಿತ್ಸು’ ಎಂದರೆ ಸೈಟಿನ ಎಷ್ಟು ಭಾಗದ ಮೇಲೆ ಕಟ್ಟಡ ಕೂರಬಹುದು ಎಂಬುದು. ‘ಯೋಸೆಕಿರಿತ್ಸು’ ಎಂದರೆ ಎಲ್ಲ ಮಹಡಿ ಸೇರಿ ಎಷ್ಟು ಕಟ್ಟಬಹುದು ಎಂಬುದು, ನಮ್ಮಲ್ಲಿ ಎಫ್‌ಎಆರ್ ಎನ್ನುವುದು. ಎತ್ತರ ಕಡಿಮೆಯಿರುವ ಮನೆಗಳ ವಲಯದಲ್ಲಿ ಶೇ 50 ಮತ್ತು ಶೇ 100 ಎಂಬ ಜೋಡಿ ಸಾಮಾನ್ಯ. ಅಲ್ಲಿ 1,200 ಚದರಡಿ ಸೈಟಿದ್ದರೆ ನೆಲದ ಮೇಲೆ 600 ಚದರಡಿ, ಎರಡು ಮಹಡಿ ಸೇರಿ 1,200 ಚದರಡಿ. ಅರ್ಧ ಸೈಟು ಖಾಲಿ ಉಳಿಯುವುದನ್ನು ಕಂಡು ನಮ್ಮವರಿಗೆ ಹೊಟ್ಟೆ ಉರಿಯಬಹುದು. ಆದರೆ ಎದುರು ಸೈಟಿನವನಿಗೂ ಅದೇ ನಿಯಮ, ಮತ್ತು ನಿಮಗೆ ಬಿಸಿಲು ಬರುವುದು ಅವನು ಬಿಟ್ಟ ಖಾಲಿ ಜಾಗದಿಂದಲೇ. ಅಂಗಡಿಗಳಿರುವ ವಲಯದಲ್ಲಿ 80 ಮತ್ತು 300, 400 ಎಂಬ ಸಂಖ್ಯೆಗಳಿದ್ದರೆ ಹೆಚ್ಚು ಕಟ್ಟಬಹುದು ನಿಜ. ದಕ್ಷಿಣದಲ್ಲಿ ನಾಳೆ ಏಳಂತಸ್ತು ಏಳಬಹುದು ಎಂಬುದೂ ಅಷ್ಟೇ ನಿಜ.

ರಸ್ತೆ ಕಿರಿದಾಗಿದ್ದರೆ ಯೋಸೆಕಿರಿತ್ಸು ಇನ್ನೂ ಇಳಿಯುತ್ತದೆ. ವಾಸದ ವಲಯಗಳಲ್ಲಿ ರಸ್ತೆಯ ಅಗಲವನ್ನು 0.4ರಿಂದ ಗುಣಿಸಬೇಕು. ಕಾಗದದ ಮೇಲೆ ಶೇ 200 ಎಂದಿದ್ದರೂ 4 ಮೀಟರ್ ರಸ್ತೆಗೆ ಸಿಗುವುದು 1.6, ಅಂದರೆ ಶೇ 160 ಮಾತ್ರ.

ಸೋಲಾರ್ ಹಾಕುವವರು ತಿಳಿದಿರಲೇಬೇಕಾದ ನಿಯಮ ಒಂದಿದೆ: ಉತ್ತರದ ಓರೆಗೆರೆ, ಜಪಾನಿ ಭಾಷೆಯಲ್ಲಿ ‘ಕಿತಾಗಾವಾ ಶಾಸೆನ್’. ನಿಮ್ಮ ಉತ್ತರಕ್ಕಿರುವ ಮನೆಯವರ ಬಿಸಿಲನ್ನು ನೀವು ಕಸಿಯದಂತೆ ಮಾಡಿದ ನಿಯಮ ಇದು. ಎತ್ತರ ಕಡಿಮೆಯಿರುವ ಮನೆಗಳ ವಲಯದಲ್ಲಿ ಉತ್ತರದ ಗಡಿಯ ಮೇಲೆ 5 ಮೀಟರ್ ಎತ್ತರದಿಂದ ಒಂದು ಓರೆಗೆರೆ ದಕ್ಷಿಣದ ಕಡೆಗೆ ಏರುತ್ತದೆ. ಪ್ರತಿ ಮೀಟರಿಗೆ ಅದು 1.25 ಮೀಟರ್ ಮೇಲೇಳುತ್ತದೆ. ಮನೆಯ ಯಾವ ಭಾಗವೂ ಆ ಗೆರೆಯನ್ನು ದಾಟಬಾರದು. ಸೋಲಾರ್‌ಗೆ ಒಳ್ಳೆಯದು ದಕ್ಷಿಣಕ್ಕೆ ಇಳಿಜಾರಾದ ಒಂಟಿ ಚಾವಣಿ. ಅಂಥ ಚಾವಣಿಯ ಎತ್ತರದ ಅಂಚು ಉತ್ತರದಲ್ಲೇ ಬರುತ್ತದೆ! ಉತ್ತರದ ಗೋಡೆ 8 ಮೀಟರ್ ಏರಬೇಕಾದರೆ ಗಡಿಯಿಂದ 2.4 ಮೀಟರ್ ಹಿಂದೆ ಸರಿಯಬೇಕು, ಹಾಗೆ ಸರಿದಷ್ಟೂ ದಕ್ಷಿಣದ ಅಂಗಳ ಕರಗುತ್ತದೆ. ಉತ್ತರಕ್ಕೆ ರಸ್ತೆ ಇದ್ದರೆ ಈ ಗೆರೆಯನ್ನು ರಸ್ತೆಯ ಆಚೆ ಅಂಚಿನಿಂದ ಎಳೆಯುತ್ತಾರೆ. ಹಾಗಾಗಿ ಕಡಿಮೆ ಬೆಲೆಯ ಉತ್ತರ ರಸ್ತೆಯ ಸೈಟಿನಲ್ಲಿ ಸೋಲಾರ್ ಚಾವಣಿ ಸಲೀಸಾಗಿ ನಿಲ್ಲುತ್ತದೆ. ಒಂದು ಕಿಲೋವಾಟ್ ಫಲಕದಿಂದ ವರ್ಷಕ್ಕೆ ಅಂದಾಜು 1,000 ಯೂನಿಟ್ ಬರುವ ನಾಡಿನಲ್ಲಿ ಇದು ಸಣ್ಣ ಲಾಭವಲ್ಲ.

ಟೋಕಿಯೊದಲ್ಲಿ 2025ರ ಏಪ್ರಿಲಿನಿಂದ ದೊಡ್ಡ ಗೃಹ ನಿರ್ಮಾಣ ಕಂಪನಿಗಳು ತಾವು ಕಟ್ಟುವ ಹೊಸ ಮನೆಗಳಿಗೆ ಸೋಲಾರ್ ಒದಗಿಸಬೇಕೆಂಬ ನಿಯಮವೂ ಬಂದಿದೆ. ಹೊಣೆ ಕಂಪನಿಯದು, ಮನೆ ಕೊಳ್ಳುವವರದಲ್ಲ. ತೀರಾ ಕಿರಿದಾದ ನಗರದ ಸೈಟಿನಲ್ಲಿ, ಅಂದರೆ 85 ಚದರ ಮೀಟರಿಗಿಂತ ಕಡಿಮೆ ಇದ್ದಲ್ಲಿ, ಸೋಲಾರ್ ಇಲ್ಲದೆಯೂ ‘ಝೆಹ್‌ ಓರಿಯೆಂಟೆಡ್’ ಎಂಬ ದರ್ಜೆ ಸಿಗುವ ಅವಕಾಶವಿದೆ.

ರಸ್ತೆಗೆ ತಾಗದ ಸೈಟು ಸೈಟೇ ಅಲ್ಲ

1950ರ ಕಟ್ಟಡ ಮಾನದಂಡ ಕಾಯ್ದೆಯ ಪ್ರಕಾರ ಸೈಟು ಕನಿಷ್ಠ 4 ಮೀಟರ್ ಅಗಲದ ರಸ್ತೆಗೆ ಕನಿಷ್ಠ 2 ಮೀಟರ್ ತಾಗಿರಬೇಕು. ಇಲ್ಲದಿದ್ದರೆ ಹೊಸ ಮನೆ ಕಟ್ಟಲು ಅನುಮತಿ ಇಲ್ಲ. ಜಾಹೀರಾತಿನಲ್ಲಿ ‘ಸಾಯ್‌ಕೆನ್‌ಚಿಕು ಫುಕಾ’ ಎಂಬ ಮಾತು ಕಂಡರೆ ‘ಇಲ್ಲಿ ಮತ್ತೆ ಕಟ್ಟುವಂತಿಲ್ಲ’ ಎಂದರ್ಥ. ನಂಬಲಾಗದಷ್ಟು ಅಗ್ಗದ ಜಾಗಗಳ ಹಿಂದೆ ಹೆಚ್ಚಾಗಿ ಈ ಮಾತು ಇರುತ್ತದೆ. ರಸ್ತೆ 4 ಮೀಟರಿಗಿಂತ ಕಿರಿದಾದ ಹಳೆಯ ಬೀದಿಯಾದರೆ ಸಾಮಾನ್ಯವಾಗಿ ರಸ್ತೆಯ ನಡುಗೆರೆಯಿಂದ 2 ಮೀಟರ್ ಬಿಟ್ಟು ಕಟ್ಟಬೇಕು. ಬಿಟ್ಟ ಪಟ್ಟಿ ನಿಮ್ಮದೇ ಹೆಸರಿನಲ್ಲಿದ್ದರೂ ಶೇಕಡಾವಾರು ಲೆಕ್ಕಕ್ಕೆ ಸೇರುವುದಿಲ್ಲ.

ಬಾವುಟದ ಕೋಲಿನಂತೆ ಕಿರಿದಾದ ದಾರಿಯ ಕೊನೆಯಲ್ಲಿ ಜಾಗ ತೆರೆದುಕೊಳ್ಳುವ ಸೈಟಿಗೆ ‘ಹತಾಝಾವೊಚಿ’ ಎಂದು ಹೆಸರು. ಸುತ್ತಲೂ ಮನೆಗಳಿರುವುದರಿಂದ ಬೆಲೆ ಕಡಿಮೆ. ಅಲ್ಲಿ ಬಿಸಿಲಿನ ಲೆಕ್ಕ ಇನ್ನೂ ಬಿಗಿ. ಕ್ರೇನ್ ಒಳಗೆ ಬಾರದಿದ್ದರೆ ಮರದ ತೊಲೆಗಳನ್ನು ಕೈಯಲ್ಲಿ ಹೊರಬೇಕಾದ ಖರ್ಚೂ ಸೇರುತ್ತದೆ.

‘ಶಿಗಾಯ್‌ಕಾ ಚೋಸೇ ಕುಯಿಕಿ’ ಎಂದು ಬರೆದಿರುವ ಜಾಗಗಳಲ್ಲಿ ನಗರ ಬೆಳೆಯದಂತೆ ತಡೆದಿದ್ದಾರೆ. ಅಲ್ಲಿ ಸಾಮಾನ್ಯರು ಮನೆ ಕಟ್ಟುವುದು ಬಹುಮಟ್ಟಿಗೆ ಅಸಾಧ್ಯ.

ಮಣ್ಣು ಮತ್ತು ನೀರು

ಟೋಕಿಯೊದ ಎದೊಗಾವಾ ವಾರ್ಡಿನ ನಿಶಿ ಕಸಾಯ್ ಸುತ್ತ ಭಾರತೀಯರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಅನೇಕ ಕನ್ನಡಿಗರು ಮೊದಲು ಮನೆ ಮಾಡಿದ್ದೂ ಆ ಕಡೆಯೇ. ಗೆಳೆಯರು, ದಿನಸಿ ಅಂಗಡಿ, ಮಕ್ಕಳ ಶಾಲೆ ಎಲ್ಲ ಅಲ್ಲಿರುವಾಗ ಸೈಟನ್ನೂ ಅಲ್ಲೇ ಹುಡುಕುವುದು ಸಹಜ. ಆದರೆ ಆ ವಾರ್ಡಿನ ಸುಮಾರು ಶೇ 70ರಷ್ಟು ನೆಲ ಸಮುದ್ರದ ಭರತದ ಮಟ್ಟಕ್ಕಿಂತ ಕೆಳಗಿದೆ. 2019ರಲ್ಲಿ ವಾರ್ಡ್ ಕಚೇರಿ ಮನೆಮನೆಗೆ ಹಂಚಿದ ಪ್ರವಾಹ ನಕ್ಷೆಯ ಮುಖಪುಟದಲ್ಲಿ, ತನ್ನದೇ ವಾರ್ಡಿನ ಮೇಲೆ, ‘ಇಲ್ಲಿ ಇರಬಾರದು’ ಎಂದು ಅಚ್ಚು ಹಾಕಿತ್ತು. ದೊಡ್ಡ ನೆರೆ ಬಂದರೆ ಮಹಡಿ ಹತ್ತಿ ಕೂರದೆ ವಾರ್ಡ್ ಬಿಟ್ಟು ಹೊರಡಿ ಎಂಬುದು ಆ ಮಾತಿನ ಅರ್ಥ. ಇಷ್ಟು ನೇರವಾಗಿ ಜನರಿಗೆ ಸತ್ಯ ಹೇಳಿದ ಸ್ಥಳೀಯ ಆಡಳಿತವನ್ನು ಮೆಚ್ಚಲೇಬೇಕು.

2020ರ ಆಗಸ್ಟಿನಿಂದ ಜಾಗ ಮಾರುವ ಏಜೆಂಟರು ಈ ನೆರೆ ನಕ್ಷೆಯಲ್ಲಿ ಸೈಟು ಎಲ್ಲಿದೆ ಎಂದು ತೋರಿಸಿ ವಿವರಿಸುವುದು ಕಡ್ಡಾಯ. ಅವರು ಹೇಳುವವರೆಗೆ ಕಾಯಬೇಕಾಗಿಯೂ ಇಲ್ಲ. ಭೂಸಾರಿಗೆ ಸಚಿವಾಲಯದ ಅಪಾಯ ನಕ್ಷೆಗಳ ಜಾಲತಾಣದಲ್ಲಿ ವಿಳಾಸ ಹಾಕಿದರೆ ನೆರೆ, ಭೂಕುಸಿತ, ಸುನಾಮಿ ಎಲ್ಲವೂ ಬಣ್ಣಬಣ್ಣವಾಗಿ ತೆರೆದುಕೊಳ್ಳುತ್ತವೆ. ನೆಲಮಹಡಿಯಲ್ಲಿ ನೀರು ನಿಂತರೆ ಗೋಡೆಯೊಳಗೆ ತುಂಬಿಸಿದ ಶಾಖತಡೆಯ ಹತ್ತಿಯಂಥ ವಸ್ತು ನೆನೆದು ಕೆಲಸಕ್ಕೆ ಬಾರದಂತಾಗುತ್ತದೆ ಎಂಬುದನ್ನು ಇಂಧನ ಉಳಿಸುವ ಮನೆಯವರು ನೆನಪಿಡಬೇಕು.

ಮಣ್ಣಿನ ಕಥೆ ಬೇರೆ. 2011ರ ಮಾರ್ಚ್ 11ರ ಭೂಕಂಪದಲ್ಲಿ ಟೋಕಿಯೊ ಕೊಲ್ಲಿಯ ಉರಾಯಾಸು ನಗರದಲ್ಲಿ ಕಡಲು ತುಂಬಿಸಿ ಮಾಡಿದ ನೆಲ ಅಂಬಲಿಯಂತಾಯಿತು. ಮನೆಗಳು ಮುರಿಯದೆ ಹಾಗೆಯೇ ವಾಲಿದವು, ಮ್ಯಾನ್‌ಹೋಲ್‌ಗಳು ನೆಲದಿಂದ ಮೇಲೆದ್ದು ನಿಂತವು. ತೇವದ ಮರಳು ನಡುಗಿದಾಗ ಕಾಳುಗಳ ನಡುವಿನ ನೀರು ಒತ್ತಡಕ್ಕೆ ಸಿಕ್ಕು ಇಡೀ ಪದರ ದ್ರವದಂತೆ ವರ್ತಿಸುವುದೇ ಇದಕ್ಕೆ ಕಾರಣ. 2024ರ ಜನವರಿ 1ರ ನೊತೊ ಭೂಕಂಪದಲ್ಲೂ ಇದೇ ಆಯಿತು.

ಪಾಯ ಹಾಕುವ ಮುನ್ನ ಮಣ್ಣನ್ನು ಪರೀಕ್ಷಿಸುತ್ತಾರೆ. ವಿಧಾನ ಸರಳ: ತುದಿಯಲ್ಲಿ ತಿರುಪು ಇರುವ ಕಬ್ಬಿಣದ ಸರಳಿನ ಮೇಲೆ 100 ಕಿಲೋವರೆಗೆ ಭಾರ ಹೇರುತ್ತಾರೆ. ಭಾರಕ್ಕೇ ಇಳಿದರೆ ಮಣ್ಣು ಮೆತ್ತಗಿದೆ. ಇಳಿಯದಿದ್ದರೆ ತಿರುಗಿಸಿ, ಎಷ್ಟು ಅರ್ಧ ಸುತ್ತಿಗೆ 25 ಸೆಂಟಿಮೀಟರ್ ಹೋಯಿತು ಎಂದು ಎಣಿಸುತ್ತಾರೆ. ಮನೆ ಬರುವ ಜಾಗದ ನಾಲ್ಕು ಮೂಲೆ ಮತ್ತು ನಡುವೆ ಹೀಗೆ ಚುಚ್ಚಿ ನೋಡುತ್ತಾರೆ. ಫಲಿತಾಂಶ ಕೆಟ್ಟದಾಗಿ ಬಂದರೆ ಸಿಮೆಂಟ್ ಬೆರೆಸಿದ ಕಂಬಗಳನ್ನೋ ಉಕ್ಕಿನ ಕೊಳವೆಗಳನ್ನೋ ಇಳಿಸಬೇಕಾಗುತ್ತದೆ. ಹಲವು ಲಕ್ಷ ಯೆನ್‌ನಿಂದ ಹಿಡಿದು ಹತ್ತು ಲಕ್ಷ ಯೆನ್ ದಾಟುವವರೆಗೆ ಖರ್ಚು ಬರಬಹುದು. ತೊಂದರೆ ಏನೆಂದರೆ ಈ ಪರೀಕ್ಷೆ ಸಾಮಾನ್ಯವಾಗಿ ಸೈಟು ಕೊಂಡ ಮೇಲೆಯೇ ನಡೆಯುತ್ತದೆ. ಆದ್ದರಿಂದ ಬಜೆಟ್ಟಿನಲ್ಲಿ ಮೊದಲೇ ಆ ಹಣವನ್ನು ಎತ್ತಿಡಬೇಕು, ಹಳೆಯ ನಕ್ಷೆಗಳಲ್ಲಿ ಆ ಜಾಗ ಗದ್ದೆಯಾಗಿತ್ತೋ ಕೆರೆಯಾಗಿತ್ತೋ ನೋಡಬೇಕು. ಜಪಾನಿನ ಭೂನಕ್ಷೆ ಇಲಾಖೆ ಹಳೆಯ ವೈಮಾನಿಕ ಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೋರಿಸುತ್ತದೆ. ಕೆರೆಯಂಗಳದ ಬಡಾವಣೆಗಳನ್ನು ಕಂಡಿರುವ ಬೆಂಗಳೂರಿನವರಿಗೆ ಈ ಎಚ್ಚರಿಕೆ ಬಿಡಿಸಿ ಹೇಳಬೇಕಾಗಿಲ್ಲ.

‘ಇದೇ ಕಂಪನಿಯಿಂದ ಕಟ್ಟಿಸಬೇಕು’ ಎಂಬ ಷರತ್ತು

ಜಾಹೀರಾತಿನಲ್ಲಿ ‘ಕೆನ್‌ಚಿಕು ಜೋಕೆನ್ ತ್ಸುಕಿ’ ಎಂದಿದ್ದರೆ ನಿಲ್ಲಬೇಕು. ಸೈಟು ಕೊಂಡವರು ಒಂದು ಅವಧಿಯೊಳಗೆ, ಹೆಚ್ಚಾಗಿ ಮೂರು ತಿಂಗಳಲ್ಲಿ, ಮಾರುವವರು ಹೇಳಿದ ಕಂಪನಿಯ ಜೊತೆಗೇ ಮನೆಯ ಕರಾರು ಮಾಡಿಕೊಳ್ಳಬೇಕು ಎಂಬುದು ಇದರ ಅರ್ಥ. ಕರಾರು ಆಗದಿದ್ದರೆ ಕೊಟ್ಟ ಹಣ ಹಿಂತಿರುಗಿ ಸೈಟು ಕೈತಪ್ಪುತ್ತದೆ. ಆರನೇ ಅಥವಾ ಏಳನೇ ದರ್ಜೆಯ ಮನೆ ಬೇಕೆಂದು ಹೊರಟವರಿಗೆ ಇದು ದೊಡ್ಡ ಅಡ್ಡಿ, ಏಕೆಂದರೆ ಆ ಕಂಪನಿಗೆ ಅಂಥ ಮನೆ ಕಟ್ಟಿ ಅಭ್ಯಾಸವಿರಬೇಕಲ್ಲ. ಗಾಳಿ ಸೋರದಂತೆ ಕಟ್ಟುವುದು ಕೈಕೆಲಸದ ಮಾತು. ಅದನ್ನು ಅಳೆಯುವ ‘ಸಿ ಮೌಲ್ಯ’ ಕಾನೂನಿನಲ್ಲಿ ಕಡ್ಡಾಯವಿಲ್ಲ. ಕಟ್ಟಿದ ಮೇಲೆ ಫ್ಯಾನ್ ಇಟ್ಟು ಪ್ರತಿ ಮನೆಯಲ್ಲೂ ಅಳೆಯುತ್ತೀರಾ ಎಂದು ಕೇಳಿ, ಅಳೆಯುತ್ತೇವೆ ಎನ್ನುವವರನ್ನು ಆರಿಸುವುದು ಕ್ಷೇಮ. ಹೀಗಾಗಿ ಅನುಭವಸ್ಥರು ಮೊದಲು ಕಟ್ಟುವವರನ್ನು ಗೊತ್ತುಮಾಡಿಕೊಂಡು, ಅವರನ್ನೇ ಜೊತೆಗೆ ಕರೆದುಕೊಂಡು ಸೈಟು ನೋಡಲು ಹೋಗುತ್ತಾರೆ.

ದುಡ್ಡು ಮತ್ತು ಕಾಗದ

ಜಪಾನಿನಲ್ಲಿ ವಿದೇಶಿಯರೂ ಜಾಗವನ್ನು ಸ್ವಂತ ಹೆಸರಿನಲ್ಲಿ ಕೊಳ್ಳಬಹುದು. ಜಾಗ ಕೊಂಡರೆ ವೀಸಾ ಸಿಗುವುದಿಲ್ಲ. ಸಾಲಕ್ಕೆ ಹೆಚ್ಚಿನ ಬ್ಯಾಂಕುಗಳು ಕಾಯಂ ವಾಸದ ಪರವಾನಗಿ ಕೇಳುತ್ತವೆ. ಅದಿಲ್ಲದೆ ಕೊಡುವ ಬ್ಯಾಂಕುಗಳೂ ಕೆಲವಿವೆ, ಅಲ್ಲಿ ಕೈಯಿಂದ ಹಾಕಬೇಕಾದ ಹಣ ಹೆಚ್ಚು.

ಬೆಲೆಗಳನ್ನು ‘ಮಾನ್’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮಾನ್ ಎಂದರೆ 10,000. ಹಾಗಾಗಿ 3,000 ಮಾನ್ ಎಂದರೆ 3 ಕೋಟಿ ಯೆನ್. ಏಜೆಂಟರ ಕಮಿಷನ್‌ಗೆ ಕಾನೂನಿನ ಮಿತಿ ಇದೆ: 40 ಲಕ್ಷ ಯೆನ್ ಮೀರಿದ ವ್ಯವಹಾರಕ್ಕೆ ಶೇ 3 ಮತ್ತು 60,000 ಯೆನ್, ಅದರ ಮೇಲೆ ಶೇ 10 ತೆರಿಗೆ. 3 ಕೋಟಿಯ ಸೈಟಿಗೆ ಇದು 10.56 ಲಕ್ಷ ಯೆನ್ ಆಗುತ್ತದೆ. ಜಾಗದ ಬೆಲೆಗೆ ಬಳಕೆ ತೆರಿಗೆ ಇಲ್ಲ, ಮನೆಯ ಬೆಲೆಗೆ ಶೇ 10 ಇದೆ.

ಕರಾರಿಗೆ ಮೊದಲು ಪರವಾನಗಿ ಪಡೆದ ವ್ಯಕ್ತಿಯೊಬ್ಬರು ‘ಮುಖ್ಯ ಸಂಗತಿಗಳ ವಿವರಣೆ’ಯನ್ನು ಓದಿ ಹೇಳಬೇಕು. ವಲಯ, ರಸ್ತೆ, ನೀರು, ಗ್ಯಾಸ್, ಚರಂಡಿ, ನೆರೆ ಎಲ್ಲವೂ ಅದರಲ್ಲಿರುತ್ತವೆ. ಅದರ ಪ್ರತಿಯನ್ನು ಕೆಲವು ದಿನ ಮೊದಲೇ ಕೇಳಿ ಪಡೆದು, ಜಪಾನಿ ಭಾಷೆ ಬಲ್ಲವರ ಜೊತೆ ಕುಳಿತು ಓದಬೇಕು. ಮುಂಗಡ ಕೊಟ್ಟ ಮೇಲೆ ಕೊಳ್ಳುವವರು ಹಿಂದೆ ಸರಿದರೆ ಅದು ಹೋದಂತೆಯೇ. ಮಾರುವವರು ಸರಿದರೆ ಎರಡರಷ್ಟು ಕೊಡಬೇಕು. ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸ್ಸು ಎಂಬ ಷರತ್ತು ಕರಾರಿನಲ್ಲಿ ಇದೆಯೇ ಎಂದು ಬೆರಳಿಟ್ಟು ನೋಡಿಕೊಳ್ಳಬೇಕು.

ಹೊಸಬರನ್ನು ಹೆಚ್ಚು ಕಾಡುವುದು ಹಣದ ಹೊಂದಾಣಿಕೆ. ಗೃಹಸಾಲ ಸಾಮಾನ್ಯವಾಗಿ ಕೈಗೆ ಬರುವುದು ಮನೆ ಪೂರ್ತಿಯಾದ ಮೇಲೆ, ಸೈಟಿನ ಹಣ ಕೊಡಬೇಕಾದದ್ದು ತಿಂಗಳುಗಳ ಮೊದಲು. ನಡುವಿನ ಅವಧಿಗೆ ‘ತ್ಸುನಾಗಿ ಯೂಶಿ’ ಎಂಬ ತಾತ್ಕಾಲಿಕ ಸಾಲ ಮಾಡುತ್ತಾರೆ. ಅದರ ಬಡ್ಡಿ ಹೆಚ್ಚು. ಸೈಟನ್ನು ಕೊಂಡು ನಕ್ಷೆಗೆ ಒಂದು ವರ್ಷ ತೆಗೆದುಕೊಂಡರೆ ಬಡ್ಡಿಯ ಜೊತೆ ಬಾಡಿಗೆಯೂ ನಡೆಯುತ್ತಿರುತ್ತದೆ. ಕಟ್ಟುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಲು ಇದೂ ಒಂದು ಕಾರಣ.

ಗೃಹಸಾಲದ ಬಾಕಿಯ ಶೇ 0.7ರಷ್ಟನ್ನು ಆದಾಯ ತೆರಿಗೆಯಲ್ಲಿ ಬಿಟ್ಟುಕೊಡುವ ಸೌಲಭ್ಯ ಹೊಸ ಮನೆಗೆ 13 ವರ್ಷ ಸಿಗುತ್ತದೆ. 2024ರಿಂದ ಇಂಧನ ಮಾನದಂಡ ಮುಟ್ಟದ ಹೊಸ ಮನೆಗೆ ಅದು ಇಲ್ಲ. ದರ್ಜೆ ಏರಿದಂತೆ ಸೌಲಭ್ಯದ ಮಿತಿಯೂ ಏರುತ್ತದೆ. ಆಸ್ತಿ ತೆರಿಗೆಯಲ್ಲೂ ಒಂದು ರಿಯಾಯಿತಿ ಇದೆ: ಮನೆ ನಿಂತಿರುವ ಸೈಟಿನ ಮೊದಲ 200 ಚದರ ಮೀಟರಿಗೆ ತೆರಿಗೆ ಲೆಕ್ಕದ ಮೌಲ್ಯ ಆರನೇ ಒಂದಕ್ಕೆ ಇಳಿಯುತ್ತದೆ. ಖಾಲಿ ಸೈಟಿಗೆ ಈ ರಿಯಾಯಿತಿ ಸಿಗುವುದಿಲ್ಲ, ಮತ್ತು ಪ್ರತಿ ವರ್ಷದ ಲೆಕ್ಕ ನೋಡುವುದು ಜನವರಿ 1ರಂದು.

ಗುದ್ದಲಿ ಪೂಜೆ

ಎಲ್ಲ ಮುಗಿದು ಕೆಲಸ ಶುರುವಾಗುವ ಮುನ್ನ ಅನೇಕರು ‘ಜಿಚಿನ್‌ಸಾಯ್’ ಮಾಡಿಸುತ್ತಾರೆ. ಸೈಟಿನಲ್ಲಿ ನಾಲ್ಕು ಹಸಿ ಬಿದಿರುಗಳನ್ನು ನೆಟ್ಟು, ಅವುಗಳ ಸುತ್ತ ಹುಲ್ಲಿನ ಹಗ್ಗ ಕಟ್ಟಿ, ಒಳಗೆ ಅಕ್ಕಿ, ಉಪ್ಪು, ಸಾಕೆ ಎಂಬ ಅಕ್ಕಿಯ ಮದ್ಯ, ತರಕಾರಿ, ಹಣ್ಣು ಇಡುತ್ತಾರೆ. ಶಿಂಟೊ ಅರ್ಚಕರು ಮಂತ್ರ ಹೇಳಿದ ಮೇಲೆ ಮನೆಯ ಯಜಮಾನರು ಮರಳಿನ ಸಣ್ಣ ಗುಡ್ಡೆಗೆ ಮೂರು ಸಲ ಗುದ್ದಲಿ ಹಾಕುತ್ತಾರೆ. ನಮ್ಮ ಗುದ್ದಲಿ ಪೂಜೆಯನ್ನು ಕಂಡವರಿಗೆ ಅಲ್ಲಿ ಯಾವುದೂ ಹೊಸದೆನಿಸುವುದಿಲ್ಲ. ದೇವರ ಪೀಠವನ್ನು ದಕ್ಷಿಣಕ್ಕೋ ಪೂರ್ವಕ್ಕೋ ಮುಖ ಮಾಡಿ ಇಡುತ್ತಾರೆ.